ಹೂವಿನ ನೀರಿನ ದಾವೆ

ಕಮಿಷನರ್ ವಾರಂಟ್ ನನ್ನ ಕೈಗೆ ಬಂದ ಮಧ್ಯಾಹ್ನ ವಿರಾಜಪೇಟೆಯ ವಕೀಲರ ಕೋಣೆಯಲ್ಲಿ ಸೆಕೆಗೆ ಎಲ್ಲರೂ ಕರಿಕೋಟು ಕುರ್ಚಿಗೆ ನೇತುಹಾಕಿ ಕೂತಿದ್ದರು. ಹಿರಿಯ ವಕೀಲರೊಬ್ಬರು ನನ್ನ ಭುಜದ ಮೇಲಿಂದ ಬಗ್ಗಿ ಓದಿ, "ಕೆರೆ ಕೇಸಾ? ಒಳ್ಳೆದಾಯ್ತು ಬಿಡಿ, ನಿಮ್ಮ ಮೊಮ್ಮಕ್ಕಳಿಗೂ ಕೆಲಸ ಉಂಟು" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಗೆದ್ದವನು ಸೋತ, ಸೋತವನು ಸತ್ತ ಎನ್ನುವ ಮಾತನ್ನು ಕಕ್ಷಿದಾರರಿಗಿಂತ ಹೆಚ್ಚಾಗಿ ನಾವು ವಕೀಲರೇ ಹೇಳಿಕೊಂಡು ತಿರುಗುತ್ತೇವೆ. ಆ ಬೇಸಿಗೆ ಕಳೆದ ಮೇಲೆ ನಾನು ಅದನ್ನು ಹೇಳುವುದು ಬಿಟ್ಟಿದ್ದೇನೆ.

ಕಮಿಷನರ್ ಎಂದರೆ ದೊಡ್ಡ ಹುದ್ದೆಯೇನಲ್ಲ. ಸಿವಿಲ್ ದಾವೆಯಲ್ಲಿ ಜಾಗದ ಸಂಗತಿ ತಿಳಿಯಬೇಕಾದಾಗ ನ್ಯಾಯಾಧೀಶರು ಪೀಠ ಬಿಟ್ಟು ತೋಟ ಸುತ್ತಲು ಬರುವುದು ಕಷ್ಟ. ಹಾಗಾಗಿ ಎರಡೂ ಕಡೆಗೆ ಸಂಬಂಧವಿಲ್ಲದ ಒಬ್ಬ ವಕೀಲರನ್ನು ತಮ್ಮ ಕಣ್ಣಾಗಿ ಕಳಿಸುತ್ತಾರೆ. ನೋಡಬೇಕು, ಅಳೆಯಬೇಕು, ಬರೆಯಬೇಕು. ಯಾರು ಸರಿ, ಯಾರು ತಪ್ಪು ಎಂದು ಮಾತ್ರ ತುಟಿ ಬಿಚ್ಚುವಂತಿಲ್ಲ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದ ನನಗೆ ಅದು ಉಪವಾಸಕ್ಕಿಂತ ಕಷ್ಟ.

ದಾವೆ ಬಿಟ್ಟಂಗಾಲದ ಹತ್ತಿರದ್ದು. ಎರಡು ಕಾಫಿ ತೋಟಗಳ ನಡುವೆ ಒಂದು ಕೆರೆ. ಕೆಳಗಿನ ಸಣ್ಣ ತೋಟದ ಹೆಂಗಸು ವಾದಿ. ಆಕೆಯ ಗಂಡ ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ಕೆಲಸಕ್ಕಿದ್ದು, ವಾರಕ್ಕೊಮ್ಮೆ ಮನೆಗೆ ಬರುವವರು. ತೋಟ ನಡೆಸುವುದೆಲ್ಲ ಆಕೆಯೇ. ಮೇಲಿನ ದೊಡ್ಡ ಎಸ್ಟೇಟಿನ ಮಾಲೀಕರು ಪ್ರತಿವಾದಿ. ಅವರಿಗೆ ಲೆಕ್ಕ ಬರೆಯುವ ರೈಟರ್, ಆಳುಗಳ ಲೈನ್ ಮನೆಗಳು, ಬೇರೆ ಬ್ಲಾಕುಗಳಿಗೆ ಬೋರ್‌ವೆಲ್ ಎಲ್ಲ ಉಂಟು. ಆದರೆ ಕೆರೆಯ ಪಕ್ಕದ ಇಳಿಜಾರಿನ ಒಂದು ಬ್ಲಾಕ್ ಮಾತ್ರ ಕೆರೆಯನ್ನೇ ನಂಬಿಕೊಂಡದ್ದು. ಹೆಚ್ಚುಕಡಿಮೆ ಆಕೆಯ ತೋಟದಷ್ಟೇ ದೊಡ್ಡದು.

ನಾನು ಕುಶಾಲನಗರದ ಕಡೆಯವಳು. ಅಜ್ಜನ ಕಾಲದಲ್ಲಿ ಹಾಸನದಿಂದ ಬಂದು ನೆಲೆಸಿದ ಮನೆ ನಮ್ಮದು. ಜೋಳ, ಶುಂಠಿ ಗೊತ್ತು, ಕಾಫಿ ಮಾತ್ರ ಲೋಟದಲ್ಲಿ ಬಂದಾಗಷ್ಟೇ ಪರಿಚಯ. ಆದ್ದರಿಂದ ವಾದಪತ್ರದಲ್ಲಿ ಮತ್ತೆ ಮತ್ತೆ ಬರುತ್ತಿದ್ದ 'ಹೂವಿನ ನೀರು' ಏನೆಂದು ಕೇಳಿ ತಿಳಿಯಬೇಕಾಯಿತು. ರೊಬಸ್ಟಾ ಗಿಡ ಬೇಸಿಗೆಯಲ್ಲಿ ಮೊಗ್ಗು ಕಟ್ಟಿಕೊಂಡು ಸುಮ್ಮನೆ ಕಾಯುತ್ತದೆ. ಒಂದು ಒಳ್ಳೆಯ ಮಳೆಯೋ, ಸ್ಪ್ರಿಂಕ್ಲರಿನ ನೀರೋ ಬೇರಿಗಿಳಿಯುವಷ್ಟು ಬಿದ್ದರೆ ಮುಂದಿನ ವಾರ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ನೀರು ಸಿಗದಿದ್ದರೆ ಮೊಗ್ಗು ಒಣಗುತ್ತದೆ, ಆ ವರ್ಷದ ಫಸಲು ಅಲ್ಲಿಗೇ ಮುಗಿಯಿತು.

ಹಿಂದಿನ ವರ್ಷ ವಾದಿಯ ತೋಟ ಸರಿಯಾಗಿ ಅರಳಿರಲಿಲ್ಲ. ಈ ವರ್ಷವೂ ಹೋದರೆ ತೋಟ ಉಳಿಸಿಕೊಳ್ಳುವ ಶಕ್ತಿ ಆಕೆಗಿರಲಿಲ್ಲ. "ನಡೆಸಲಿಕ್ಕೆ ಆಗದಿದ್ರೆ ನಂಗೆ ಕೊಟ್ಟುಬಿಡಿ" ಎಂದು ಪ್ರತಿವಾದಿ ಒಮ್ಮೆ ಬೇಲಿಯಾಚೆಯಿಂದ ಹೇಳಿದ್ದರಂತೆ. ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತ್ತು. ಈ ಬಾರಿ ಆಕೆ ಪೈಪು ಇಳಿಸಲು ಹೋದಾಗ ಅವರು ಆಕೆಯ ಪೈಪಿನ ತುದಿಯ ಫುಟ್‌ವಾಲ್ವನ್ನು ನೀರಿನಿಂದ ಎತ್ತಿಸಿ ದಡದ ಮೇಲೆ ಇಡಿಸಿದ್ದರು.

ನಾನು ಎರಡೂ ಕಡೆಯ ವಕೀಲರಿಗೆ ನೋಟಿಸ್ ಕೊಟ್ಟು ಹೊರಟೆ. ಕೆರೆಗೆ ಹೋಗುವ ಎಸ್ಟೇಟಿನ ಗೇಟಿಗೆ ಬೀಗ ಬಿದ್ದಿತ್ತು. ಫೋನ್ ಮಾಡಿದರೆ ಪ್ರತಿವಾದಿ ತಣ್ಣಗೆ, "ನೋಟಿಸ್ ವಕೀಲರಿಗೆ ಬಂದಿರಬಹುದು ಮೇಡಂ, ನಂಗೆ ಬರಲಿಲ್ಲ. ನಾನು ಮಡಿಕೇರಿಯಲ್ಲಿ ಇದ್ದೇನೆ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಪೊಲೀಸ್ ನೆರವು ಕೇಳಿ ಅರ್ಜಿ ಹಾಕಿ ಬೀಗ ಒಡೆಸಿಯೇ ಒಳಗೆ ಹೋಗುತ್ತೇನೆ ಎಂದುಕೊಂಡೆ. ವಾದಿ ಬೇಲಿಯ ಪಕ್ಕದಲ್ಲಿ ನಿಂತು ಕೇಳಿದರು: "ಪುನಃ ಬರ್ತೀರಾ ಮೇಡಂ? ಮೊಗ್ಗು ಕಾಯ್ತದಾ?"

ವಿರಾಜಪೇಟೆಗೆ ವಾಪಸಾಗುವಷ್ಟರಲ್ಲಿ ನನ್ನ ಕೋಪ ಇಳಿದಿತ್ತು. ಪೊಲೀಸರನ್ನು ಕರೆದುಕೊಂಡು ಹೋದರೆ ಕೆರೆಯನ್ನೇನೋ ಅಳೆಯಬಹುದು, ಆಮೇಲೆ ಆ ಇಬ್ಬರೂ ಅದೇ ಕೆರೆಯ ಎರಡು ಬದಿಯಲ್ಲಿ ಬದುಕಬೇಕಲ್ಲ? ಹೊಸ ನೋಟಿಸನ್ನು ಈ ಸಲ ಪ್ರತಿವಾದಿಯ ಕೈಗೇ ಮುಟ್ಟಿಸಿ ಸಹಿ ಪಡೆದೆ. ಇದರಿಂದ ಅಮೂಲ್ಯವಾದ ಕೆಲವು ದಿನ ಹೋದವು. ಬಿಸಿಲು ಮಾತ್ರ ಯಾವ ನೋಟಿಸಿಗೂ ಕಾಯಲಿಲ್ಲ.

ಎರಡನೇ ಸಲ ಗೇಟು ತೆರೆದಿತ್ತು. ಪ್ರತಿವಾದಿ ಸ್ವತಃ ನಿಂತಿದ್ದರು. ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕತ್ತಿ. ಕತ್ತಿ ನೋಡಿ ನನ್ನ ಜೊತೆಗಿದ್ದ ಸರ್ವೆಯರ್ ಒಂದು ಹೆಜ್ಜೆ ಹಿಂದೆ ಸರಿದರು. ಅದು ದಾರಿಯ ಮುಳ್ಳು ಸವರಲು ತಂದದ್ದೆಂದು ಆಮೇಲೆ ತಿಳಿಯಿತು. "ಮೊದಲು ಮನೆಗೆ ಬನ್ನಿ, ಒಂದು ಕಾಫಿ ಕುಡಿದು ಹೋಗುವ" ಎಂದರು. ಬೇಡವೆಂದೆ. ಬೇಲಿ ದಾಟುವಷ್ಟರಲ್ಲಿ ಅತ್ತ ಕಡೆಯಿಂದ ವಾದಿಯೂ ಫ್ಲಾಸ್ಕ್ ಹಿಡಿದು ಬಂದರು. ಅದನ್ನೂ ಬೇಡವೆಂದೆ. ಕೊಡಗಿನಲ್ಲಿ ಒಬ್ಬರ ತೋಟದಲ್ಲಿ ನಿಂತು ಅವರ ಕಾಫಿ ಬೇಡ ಎನ್ನುವುದು ಬೈದದ್ದಕ್ಕಿಂತ ದೊಡ್ಡದು. ಇಬ್ಬರ ಮುಖವೂ ಒಂದೇ ರೀತಿ ಸಣ್ಣಗಾಯಿತು. ಆ ಇಬ್ಬರೂ ಯಾವುದಾದರೂ ಒಂದು ವಿಷಯದಲ್ಲಿ ಒಟ್ಟಾದದ್ದು ಆ ಬೆಳಿಗ್ಗೆ ಅದೊಂದೇ: ಈ ಮೇಡಂಗೆ ಮರ್ಯಾದೆ ಗೊತ್ತಿಲ್ಲ. ನಾನು ಬಾಟಲಿಯ ಬಿಸಿನೀರು ಕುಡಿದು ಕೆಲಸ ಶುರು ಮಾಡಿದೆ.

ಸರ್ವೆಯರ್ ಗಡಿಕಲ್ಲು ಹುಡುಕಿ ಸರಪಳಿ ಎಳೆದರು. ಕೆರೆಯ ಹೆಚ್ಚಿನ ಪಾಲು ಪ್ರತಿವಾದಿಯ ಸರ್ವೆ ನಂಬರಿನಲ್ಲಿ, ಏರಿಯೂ ಒಂದು ಪಟ್ಟಿ ನೀರೂ ವಾದಿಯದರಲ್ಲಿ. ಕಲ್ಲು ಕಟ್ಟಿದ ಹಗ್ಗ ಇಳಿಸಿ ಅಲ್ಲಲ್ಲಿ ಆಳ ನೋಡಿದೆವು. ಏರಿಯ ಕಲ್ಲುಕಟ್ಟು ಎರಡೂ ಜಾಗದಲ್ಲಿ ಒಂದೇ ತರಹ, ಒಂದೇ ಕಾಲದ್ದು.

"ಇದು ನಮ್ಮ ಮಾವನ ಅಪ್ಪ, ಅವರ ಅಜ್ಜ ಇಬ್ರೂ ಸೇರಿ ಕಟ್ಟಿದ್ದು ಮೇಡಂ. ಅವರು ಒಟ್ಟಿಗೆ ಮಣ್ಣು ಹೊತ್ರು. ಇವರು ನನ್ನ ಫುಟ್‌ವಾಲ್ವ್ ದಡಕ್ಕೆ ಹಾಕಿದ್ರು" ಎಂದು ವಾದಿ ಹೇಳಿದರು.

"ಹೋದ ವರ್ಷ ಕೆಸರು ಬರುವವರೆಗೆ ಎಳೆದದ್ದು ಯಾರು ಅಂತ ಅವರನ್ನೇ ಕೇಳಿ" ಎಂದು ಪ್ರತಿವಾದಿ ನನ್ನ ಕಡೆಗೇ ನೋಡಿ ಹೇಳಿದರು. "ನನ್ನ ಪಂಪಿಗೆ ಕೆಸರು ಹೋಗಿ ಸುಟ್ಟುಹೋಯ್ತು. ಒರತೆ ಕಟ್ಟಿಕೊಳ್ತು. ಕೆರೆ ಸತ್ತ್ರೆ ಇಬ್ಬರಿಗೂ ಇಲ್ಲ. ಅದನ್ನು ಯಾರು ಬರೆಯುದು?"

ಅದನ್ನೂ ಬರೆದೆ. ಅಲ್ಲಿಯವರೆಗೆ ಮನಸ್ಸಿನೊಳಗೆ ಅವರನ್ನು ದುಷ್ಟರ ಪಟ್ಟಿಗೆ ಸೇರಿಸಿಬಿಟ್ಟಿದ್ದೆ. ಎರಡೂ ಕಡೆಯವರ ಎದುರಿಗೇ ಅಳೆಯಬೇಕು, ಇಬ್ಬರು ಹೇಳಿದ್ದನ್ನೂ ದಾಖಲಿಸಬೇಕು ಎಂಬ ನಿಯಮ ಇರದಿದ್ದರೆ ಅವರ ಈ ಮಾತು ನನ್ನ ಕಿವಿಗೇ ಬೀಳುತ್ತಿರಲಿಲ್ಲ.

ಬೇಲಿಗುಂಟ ಬರುವಾಗ ವಾದಿ ನಿಂತು, ತನ್ನ ತೋಟದ ಅಂಚಿನ ಎರಡು ಸಾಲು ಗಿಡ ತೋರಿಸಿದರು. ಉಳಿದ ಗಿಡಗಳ ಮೊಗ್ಗು ಹಸಿರಾಗಿ, ಬಿಗಿಯಾಗಿ ನಿಂತಿದ್ದರೆ ಈ ಸಾಲಿನ ಮೊಗ್ಗುಗಳು ಕೆಂಪು ಬಣ್ಣಕ್ಕೆ ತಿರುಗಿ ಮುದುಡಿದ್ದವು. ದಾವೆಗೆ ಮೊದಲು ಪ್ರತಿವಾದಿ ತಮ್ಮ ಬ್ಲಾಕಿನ ಅಂಚಿಗೆ ನೀರು ಹಾರಿಸಿದಾಗ ಸ್ಪ್ರಿಂಕ್ಲರ್ ಜೆಟ್ಟಿನ ನೀರು ಬೇಲಿ ದಾಟಿ ಇವುಗಳ ಮೇಲೂ ಸ್ವಲ್ಪ ಸಿಡಿದಿತ್ತಂತೆ. ನಾನು ಪ್ರತಿವಾದಿಯ ಮುಖ ನೋಡಿದೆ. ಅವರು ಒಂದು ರೆಂಬೆ ಬಗ್ಗಿಸಿ ಮೊಗ್ಗು ನೋಡಿ, ರೆಂಬೆಯನ್ನು ಮೆಲ್ಲಗೆ ಬಿಟ್ಟರು. ಇಬ್ಬರ ಒಪ್ಪಿಗೆಯಿಂದ ಎರಡೂ ಬಗೆಯ ರೆಂಬೆ ಒಂದೊಂದು ಕತ್ತರಿಸಿ, ಚೀಲಕ್ಕೆ ಹಾಕಿ, ಮೇಲೆ ಇಬ್ಬರ ಸಹಿ ಹಾಕಿಸಿದೆ.

ನಾನು ಕೊಟ್ಟ ವರದಿಗೆ ಪ್ರತಿವಾದಿಯ ವಕೀಲರು ಆಕ್ಷೇಪಣೆ ಹಾಕಿದರು. ಕೆರೆ ಅಳೆಯಲು ಕಳಿಸಿದರೆ ಕಮಿಷನರ್ ಮೊಗ್ಗು ಕೊಯ್ದು ತಂದಿದ್ದಾರೆ, ಇದು ವಾರಂಟಿನ ಮಿತಿ ಮೀರಿದ್ದು ಎಂಬುದು ಅವರ ಮಾತು. ನನ್ನನ್ನೇ ಸಾಕ್ಷಿಕಟ್ಟೆ ಹತ್ತಿಸಿದರು. ದಿನಾ ಬೇರೆಯವರನ್ನು ಅಲ್ಲಿ ನಿಲ್ಲಿಸಿ ಬೆವರಿಳಿಸುವವಳಿಗೆ ಅಲ್ಲಿಂದ ಕೋರ್ಟು ಎಷ್ಟು ಬೇರೆ ಕಾಣುತ್ತದೆಂದು ಅಂದು ತಿಳಿಯಿತು.

"ನೀವು ಸಸ್ಯಶಾಸ್ತ್ರ ಓದಿದ್ದೀರಾ?"

"ಇಲ್ಲ."

"ಕಾಫಿ ಬೆಳೆದಿದ್ದೀರಾ?"

"ಕುಡಿದಿದ್ದೇನೆ." ಕೋರ್ಟಿನಲ್ಲಿ ಸಣ್ಣ ನಗು ಎದ್ದಿತು, ನ್ಯಾಯಾಧೀಶರು ಮಾತ್ರ ನಗಲಿಲ್ಲ.

ಅದರ ನಂತರ ವಾದ. ತಾತ್ಕಾಲಿಕ ಆದೇಶಕ್ಕೆ ಕಾನೂನು ಮೂರು ವಿಷಯ ಕೇಳುತ್ತದೆ: ಮೇಲ್ನೋಟಕ್ಕೆ ಹಕ್ಕು ಕಾಣುತ್ತದೆಯೇ, ಆದೇಶ ಕೊಟ್ಟರೆ ಅಥವಾ ಕೊಡದಿದ್ದರೆ ಯಾರಿಗೆ ಹೆಚ್ಚು ತೊಂದರೆ, ಆಮೇಲೆ ತುಂಬಿಕೊಡಲಾಗದ ನಷ್ಟ ಆಗುತ್ತದೆಯೇ. ಪ್ರತಿವಾದಿಯ ವಕೀಲರು ಮೂರನೆಯದನ್ನೇ ಹಿಡಿದರು. ಅಂಥ ನಷ್ಟವೇನೂ ಇಲ್ಲ, ಪ್ರತಿವಾದಿಯ ಜೆಟ್ಟಿನಿಂದಲೇ ವಾದಿಯ ಗಿಡಗಳಿಗೆ ನೀರು ಬಿದ್ದಿದೆ ಎಂದು ಕಮಿಷನರೇ ಬರೆದಿದ್ದಾರೆ, ಮಾಲೀಕತ್ವ ತೀರ್ಮಾನವಾಗುವವರೆಗೆ ಯಾರೂ ಕೆರೆ ಮುಟ್ಟದಂತೆ ಯಥಾಸ್ಥಿತಿಗೆ ಆದೇಶವಾಗಲಿ ಎಂದರು. ವಾದಿಯ ವಕೀಲರು ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿಗೆ ಹೋಗಿ, ಕೆರೆಯೆಲ್ಲ ತಮ್ಮ ಕಕ್ಷಿದಾರರಿಗೇ ಬೇಕು ಎನ್ನುವಂತೆ ವಾದಿಸಿದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು.

ನ್ಯಾಯಾಧೀಶರು ಬಿಳಿಜೋಳದ ನಾಡಿನವರು. ಇಲ್ಲಿಗೆ ವರ್ಗವಾಗಿ ಬಂದ ಮೇಲೆಯೇ ಕಾಫಿ ಗಿಡ ನೋಡಿದ್ದು. ಅವರು ಚೀಲ ಬಿಚ್ಚಿಸಿ, ಎರಡು ರೆಂಬೆಗಳನ್ನು ಮೇಜಿನ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಹಿಂದಿನ ಸಾಲಿನಲ್ಲಿ ನಿಂತಿದ್ದ ಪ್ರತಿವಾದಿಯನ್ನು ಮುಂದೆ ಕರೆದರು.

"ಇಲ್ಲಿ ಬರ್ರಿ. ಈ ಕೆಂಪಗಾಗಿದ್ದಕ್ಕ ನೀರು ಬಿದ್ದದ ಅಂತಾರ ನಿಮ್ಮ ವಕೀಲರು. ಇದು ಹೂವಾಗ್ತದೇನು?"

ಅವರ ವಕೀಲರು ಕಣ್ಣಲ್ಲೇ ಏನೋ ಸನ್ನೆ ಮಾಡಿದರು. ಪ್ರತಿವಾದಿ ಅತ್ತ ನೋಡಲಿಲ್ಲ. ರೆಂಬೆ ಕೈಗೆ ತೆಗೆದುಕೊಂಡು, ಹೆಬ್ಬೆರಳಿನಿಂದ ಒಂದು ಮೊಗ್ಗನ್ನು ಮೆಲ್ಲಗೆ ಒತ್ತಿದರು. ಮೊಗ್ಗು ಉದುರಿತು.

"ಆಗುದಿಲ್ಲ ಸ್ವಾಮಿ. ಇದಕ್ಕೆ ಅರ್ಧ ನೀರು ಸಿಕ್ಕಿದೆ. ಅದಕ್ಕಿಂತ ನೀರೇ ಬೀಳದಿದ್ರೆ ಒಳ್ಳೆದಿತ್ತು. ಈ ರೆಂಬೆ ಈ ವರ್ಷ ಹೋಯ್ತು."

"ಮತ್ತ ಈ ಹಸಿರು ಇರೋದು?"

"ಇದು ಇನ್ನೂ ಕಾಯ್ತದೆ. ಈ ಬಿಸಿಲಿಗೆ ಜಾಸ್ತಿ ದಿನ ಕಾಯುದಿಲ್ಲ. ಎರಡು ವಾರದೊಳಗೆ ನೀರಾಗಲೇಬೇಕು. ಇಲ್ಲದಿದ್ರೆ ಇದೂ ಹಾಗೇ."

"ಅಂದ್ರ ಅವರ ತೋಟಕ್ಕ ನೀರು ಸಿಗದಿದ್ರ ನಷ್ಟ ಆಗ್ತದ ಅಂತ ನೀವ ಹೇಳಿದಂಗಾತು."

"ಹೌದು ಸ್ವಾಮಿ. ಕೆರೆ ನಂದೇ ಅಂತ ಹೇಳ್ತೇನೆ. ಆದ್ರೆ ಹೂವಿನ ವಿಷಯದಲ್ಲಿ ಸುಳ್ಳು ಹೇಳಲಿಕ್ಕೆ ನಂಗೆ ಆಗುದಿಲ್ಲ." ರೆಂಬೆ ಮೇಜಿಗಿಟ್ಟು ಸೇರಿಸಿದರು: "ನನ್ನ ಇಳಿಜಾರಿನ ಬ್ಲಾಕೂ ಹೀಗೇ ಕಾಯ್ತಾ ಉಂಟು."

ಕೇಸು ಸೋಲುವುದನ್ನಾದರೂ ಒಪ್ಪಿಯಾರು, ಕಾಫಿ ಹೂವಿನ ಬಗ್ಗೆ ತಪ್ಪು ಮಾತಾಡಿ ನಾಲ್ಕು ಜನರ ಎದುರು ತಿಳಿಯದವ ಅನ್ನಿಸಿಕೊಳ್ಳುವುದನ್ನು ಈ ಜನ ಒಪ್ಪಲಾರರು. ಅವರ ವಕೀಲರು ಫೈಲನ್ನು ಸದ್ದಾಗುವಂತೆ ಮುಚ್ಚಿದರು. ನನಗೆ ಆ ಮನುಷ್ಯರ ಮೇಲೆ ಅಲ್ಲಿಯೇ ಗೌರವ ಹುಟ್ಟಿತು. ಅದಕ್ಕಿಂತ ಹೆಚ್ಚಿನ ಗೌರವ, ಕೇಳಬೇಕಾದ ಪ್ರಶ್ನೆಯನ್ನು ಕೇಳಬೇಕಾದವರಿಗೇ ಕೇಳಿದ ನ್ಯಾಯಾಧೀಶರ ಮೇಲೆ.

"ಯಥಾಸ್ಥಿತಿ ಅಂತ ಒಂದು ಸಾಲು ಬರದ್ರ ನನ್ನ ಕೆಲಸ ಇವತ್ತ ಮುಗೀತದ. ಆದ್ರ ಮೊಗ್ಗು ಆ ಆದೇಶ ಓದಂಗಿಲ್ಲ" ಎಂದರು ಅವರು. "ಕೆರೆ ಯಾರದು ಅನ್ನೋದನ್ನ ಸಾಕ್ಷಿ, ದಾಖಲೆ ನೋಡಿ ನಿಧಾನಕ್ಕ ಹೇಳೋಣ. ಈ ವರ್ಷದ ನೀರಿನ ಬಗ್ಗೆ ಈಗ ಎಲ್ಲಾರೂ ಪಕ್ಕದ ಕೋಣೆಯೊಳಗ ಕೂಡ್ರಿ. ಕಮಿಷನರೂ ಇರಲಿ. ಒಪ್ಪಂದ ಆದ್ರ ಜಂಟಿ ಮೆಮೊ ಕೊಡ್ರಿ. ಆಗದಿದ್ರ ಸಂಜೆ ನಾನ ಆದೇಶ ಮಾಡ್ತೀನಿ."

ನೋಡಿದರೆ ಸಣ್ಣ ಮಾತು. ಆದರೆ ದೊಡ್ಡ ಜಗಳವನ್ನು ಹೀಗೆ ಎರಡು ತುಂಡು ಮಾಡಿ, ತಡೆಯಲಾಗದ್ದನ್ನು ಇಂದಿಗೆ, ತಡೆಯಬಹುದಾದ್ದನ್ನು ನಾಳೆಗೆ ಇಡುವ ಜಾಣತನ ಸಿವಿಲ್ ಕಾನೂನಿನ ಒಳಗೇ ಇದೆ. ಕಾನೂನು ಪುಸ್ತಕದಲ್ಲಿ ಅದನ್ನು ಎಷ್ಟೋ ಸಲ ಓದಿದ್ದೆ, ಕಣ್ಣೆದುರು ಕಂಡದ್ದು ಅಂದೇ.

ಕೋಣೆಯಲ್ಲಿ ಮೊದಲು ಎದ್ದ ಪ್ರಶ್ನೆ, ಯಾರು ಮೊದಲು? ಮೊದಲು ಎಳೆದವರು ಜಾಸ್ತಿ ಎಳೆಯುತ್ತಾರೆ ಎಂಬ ಭಯ ಇಬ್ಬರಿಗೂ. ವಕೀಲರಿಬ್ಬರೂ ದಿನಗಳ ಲೆಕ್ಕದಲ್ಲಿ ಹಂಚಲು ಹೊರಟರು. ಒಬ್ಬರದು ದೊಡ್ಡ ಪಂಪು, ಇನ್ನೊಬ್ಬರದು ಹಳೆಯ ಸಣ್ಣ ಎಂಜಿನ್ನು. ದಿನ ಸಮ ಮಾಡಿದರೆ ನೀರು ಸಮ ಆಗುವುದಿಲ್ಲ. ಆಗ ನನಗೆ ನಮ್ಮ ಕೋರ್ಟಿನ ಪಾಲುಪಟ್ಟಿ ದಾವೆಗಳು ನೆನಪಾದವು. ಅಣ್ಣತಮ್ಮಂದಿರು ರಾಜಿಗೆ ಕೂತಾಗ ಪಾಲು ಮಾಡಿದವನು ಕೊನೆಗೆ ಆರಿಸುವುದು ವಾಡಿಕೆ. ಬಾಯಿ ಬಿಡಬಾರದೆಂಬ ನನ್ನ ವ್ರತ ಅಲ್ಲಿಗೆ ಮುಗಿಸಿ ಹೇಳಿದೆ: "ದಿನ ಬೇಡ, ನೀರನ್ನೇ ಹಂಚಿ. ಕೆರೆಯಲ್ಲಿ ಒಂದು ಗೂಟ ನೆಡೋಣ. ಮೇಲಿನ ನೀರು ಒಬ್ಬರಿಗೆ, ಕೆಳಗಿನದು ಇನ್ನೊಬ್ಬರಿಗೆ. ಗುರುತು ಎಲ್ಲಿ ಅಂತ ನೀವು ಹೇಳಿ ಸಾರ್. ಯಾವ ಪಾಲು ಅಂತ ಅವರು ಆರಿಸಲಿ."

ಪ್ರತಿವಾದಿ ತುಂಬ ಹೊತ್ತು ಯೋಚಿಸಿದರು. ಕೆರೆ ಬಟ್ಟಲಿನ ಹಾಗೆ ಕೆಳಗೆ ಹೋದಂತೆ ಕಿರಿದಾಗುತ್ತದೆ. ಆದ್ದರಿಂದ ಎರಡೂ ಪಾಲು ಸಮ ಆಗಬೇಕಾದರೆ ಮೇಲಿನ ಪಾಲಿನ ಆಳ ಕಡಿಮೆ, ಕೆಳಗಿನದರ ಆಳ ಹೆಚ್ಚು ಇರಬೇಕು. ಕೊನೆಗೆ ನನ್ನ ನಕ್ಷೆಯ ಮೇಲೆ ಗುರುತು ಹಾಕಿದರು. ಅದರ ಕೆಳಗೆ ಇನ್ನೊಂದು ಗೆರೆ ತಾವಾಗಿಯೇ ಎಳೆದರು. ಒರತೆ ಕೆಡದಂತೆ ಅಲ್ಲಿಂದ ಕೆಳಗೆ ಯಾರೂ ತೆಗೆಯಬಾರದು. ಇಬ್ಬರೂ ಒಪ್ಪಿದರೆ ಮಾತ್ರ ತೆಗೆಯಬಹುದು ಎಂದು ವಕೀಲರು ಒಂದು ಸಾಲು ಸೇರಿಸಿದರು.

ವಾದಿ ನಕ್ಷೆ ನೋಡಿದರು. "ಕೆಳಗಿನ ಪಾಲು ತಗೊಂಡ್ರೆ ಅಷ್ಟರಲ್ಲಿ ಮಳೆ ಬಂದ್ರೂ ಬಂತು ಅಂತ ನನ್ನ ಯಜಮಾನ್ರು ಇದ್ದಿದ್ರೆ ಹೇಳ್ತಿದ್ರು. ಆಕಾಶ ನೋಡ್ತಾ ಕೂತೇ ಹೋದ ವರ್ಷ ಕೆಟ್ಟೆ. ನಂಗೆ ಮೇಲಿನದ್ದೇ ಇರಲಿ" ಎಂದರು. ಸಂಜೆಯೊಳಗೆ ಮೆಮೊ ದಾಖಲಾಯಿತು.

ಸಿಲ್ವರ್ ಓಕ್ ಗೂಟಕ್ಕೆ ಡಾಂಬರಿನ ಎರಡು ಗುರುತು ಹಾಕಿ, ಇಬ್ಬರ ಎದುರು ಕೆರೆಯಲ್ಲಿ ನೆಡಿಸಿದೆ. ವಾದಿಯ ಸಣ್ಣ ಎಂಜಿನ್ನು ಕೆಮ್ಮುತ್ತ, ನಿಲ್ಲುತ್ತ, ಅಂತೂ ತೋಟ ಮುಗಿಸಿತು. ನೀರು ಮೇಲಿನ ಗುರುತಿಗೆ ಬರುವ ಮೊದಲೇ ಆಕೆ ನಿಲ್ಲಿಸಿದ್ದರು. ಮುಂದಿನ ವಾರ ಆ ದಾರಿಯಲ್ಲಿ ಹೋದಾಗ ಕಾರಿನ ಗಾಜು ಇಳಿಸಿದೆ. ಮಲ್ಲಿಗೆಯಂಥ ಘಮ ರಸ್ತೆಯವರೆಗೆ ಬರುತ್ತಿತ್ತು, ತೋಟ ತುದಿಯಿಂದ ತುದಿಗೆ ಬೆಳ್ಳಗಿತ್ತು. ಯಾರ ಪರವೂ ವಹಿಸಬಾರದ ನಾನು ಕಾರಿನೊಳಗೆ ಒಬ್ಬಳೇ ಕೂತು ಖುಷಿಗೆ ಅತ್ತೆ.

ಅದರ ಮರುದಿನವೇ ಪ್ರತಿವಾದಿಯ ಫೋನು ಬಂತು. "ಮೇಡಂ, ಒಮ್ಮೆ ಬಂದು ನೋಡಿ ಹೋಗಿ." ಅಷ್ಟೇ. ಏನೋ ಗಲಾಟೆಯಾಗಿದೆ, ಗೂಟ ಕಿತ್ತಿದ್ದಾರೆ ಎಂದೆಲ್ಲ ಎಣಿಸಿಕೊಂಡು ಓಡಿದೆ. ಕೆರೆಯ ಹತ್ತಿರ ಪಂಪು ಸುಮ್ಮನಿತ್ತು. ನೀರು ಸರಿಯಾಗಿ ಕೆಳಗಿನ ಡಾಂಬರು ಗುರುತಿನಲ್ಲಿತ್ತು. ಇಳಿಜಾರಿನ ಬ್ಲಾಕಿನ ಮೇಲಿನ ಮೂಲೆಯಲ್ಲಿ ಪೈಪು ಹಾಸಿ, ಜೆಟ್ಟು ನಿಲ್ಲಿಸಿ ಇಟ್ಟಿದ್ದರು. ಅಲ್ಲಿನ ಮಣ್ಣು ಒಣಗಿಯೇ ಇತ್ತು. ಕೆರೆಯ ಅಂಚಿನಲ್ಲಿ ಅವರು ಎಣಿಸಿದ್ದಕ್ಕಿಂತ ಹೆಚ್ಚು ಹೂಳು ತುಂಬಿ, ಅವರದೇ ಲೆಕ್ಕ ತಪ್ಪಿತ್ತು. ಆ ಮೂಲೆಗೆ ನೀರು ಉಳಿದಿರಲಿಲ್ಲ.

"ಗುರುತಿಗೆ ಬಂತು, ನಿಲ್ಲಿಸಿದೆ. ನೀವು ನೋಡಿದ್ದೀರಿ ಅಂತ ಆಗಬೇಕು. ಆಮೇಲೆ ಯಾರೂ ಮಾತು ಹೇಳಬಾರದು" ಎಂದರು.

ನನ್ನ ಬಾಯಿ ಸುಮ್ಮನಿರಲಿಲ್ಲ. "ಇನ್ನೊಂದು ಗೇಣು ಎಳೆದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಸಾರ್?"

"ಗುರುತು ಹಾಕಿದ್ದು ನಾನೇ ಅಲ್ಲವಾ ಮೇಡಂ" ಎಂದರು.

ಕಾವಲಿಗೆ ಯಾರೂ ಇರಲಿಲ್ಲ. ತನ್ನದೇ ಕೆರೆ ಎಂದು ಇಂದಿಗೂ ವಾದಿಸುತ್ತಿರುವ ಮನುಷ್ಯ, ತನ್ನ ಗಿಡ ಒಣಗುವುದನ್ನು ನೋಡುತ್ತ, ತಾನು ಸಹಿ ಹಾಕಿದ ಗೆರೆಯ ಮುಂದೆ ನಿಂತಿದ್ದರು. ನಮ್ಮ ಹಳೆಯ ಕಟ್ಟಡದ ಕೋರ್ಟಿನ ಬಗ್ಗೆ ನನಗೆ ಅಂದು ಬಂದಷ್ಟು ಹೆಮ್ಮೆ ಯಾವ ತೀರ್ಪು ಗೆದ್ದಾಗಲೂ ಬಂದಿಲ್ಲ.

ಕಾರಿನ ಸದ್ದಿಗೆ ವಾದಿ ಏರಿಯ ಮೇಲೆ ಬಂದು ನಿಂತಿದ್ದರು. ಗೂಟ ನೋಡಿದರು, ಮೂಲೆಯ ಒಣ ಗಿಡ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, 'ಇಬ್ರೂ ಒಪ್ಪಿದ್ರೆ' ಅಂತ ಒಂದು ಉಂಟಲ್ಲ ಮೆಮೊದಲ್ಲಿ? ಅವರಿಗೆ ಹೇಳಿ…" ಎಂದು ಶುರು ಮಾಡಿದರು.

"ನಾನು ಹೇಳುವುದಿಲ್ಲ" ಎಂದೆ. "ಅವರು ಇಲ್ಲೇ ನಿಂತಿದ್ದಾರೆ. ನೀವೇ ಹೇಳಿ."

ಆಕೆ ಸೆರಗು ಸರಿಮಾಡಿಕೊಂಡರು. ನೀರಿನ ಕಡೆ ನೋಡುತ್ತಲೇ ಹೇಳಿದರು: "ಆ ಮೂಲೆ ಬಿಡ್ಬೇಡಿ. ನಂದು ಒಪ್ಪಿಗೆ ಉಂಟು. ಪಂಪ್ ಹಾಕಿ."

ಪ್ರತಿವಾದಿ ಬಗ್ಗಿ ನೀರಿನ ಆಳ ನೋಡಿದರು. "ಕೆಸರು ಏಳ್ತದೆ. ನಾನು ಮೇಲೆ ಜೆಟ್ಟಿನ ಹತ್ರ ಇರಬೇಕು. ಇಲ್ಲಿ ಯಾರಾದ್ರೂ ನಿಂತು ನೋಡಬೇಕಲ್ಲ" ಎಂದರು.

"ನಾನು ನಿಲ್ತೇನೆ."

ಪ್ರತಿವಾದಿ ರೈಟರನ್ನು ಕರೆಸಿ ಪಂಪು ಶುರು ಮಾಡಿಸಿದರು. ಅವರು ಇಳಿಜಾರು ಹತ್ತಿ ಹೋದರು, ಆಕೆ ನೀರಿನ ಅಂಚಿಗೆ ಇಳಿದು ಫುಟ್‌ವಾಲ್ವಿನ ಮೇಲೆ ಕಣ್ಣಿಟ್ಟು ನಿಂತರು. ನಾನು ಮರದ ನೆರಳಲ್ಲಿ ಕೂತೆ. ಯಾರೂ ಹೋಗೆನ್ನಲಿಲ್ಲ, ನನಗೂ ಹೋಗಲು ಮನಸ್ಸಾಗಲಿಲ್ಲ. ಮೂಲೆಯ ಕೊನೆಯ ಸಾಲಿನ ಎಲೆಗಳಿಂದ ನೀರು ತೊಟ್ಟಿಕ್ಕತೊಡಗಿ ಎಷ್ಟೋ ಹೊತ್ತಾದ ಮೇಲೆ, ಫುಟ್‌ವಾಲ್ವಿನ ಹತ್ತಿರ ಕೆಸರು ಏಳುವುದನ್ನು ಕಂಡು ಆಕೆ ಕೈ ಎತ್ತಿದರು. ಮೇಲೆ ನಿಂತಿದ್ದ ಅವರು, ಯಾಕೆಂದು ಕೇಳದೆ, ಪಂಪಿನ ಬಳಿಯಿದ್ದ ರೈಟರಿಗೆ ಕೂಗಿ ನಿಲ್ಲಿಸಲು ಹೇಳಿದರು.